ಪೀಣ್ಯದ ಲಾಯರಮ್ಮ ಹೇಳಿಸಿದ ‘ಇಲ್ಲ’

ಲಾಯರಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದವನು ಒಬ್ಬ ಸರಗಳ್ಳ. ಈಗ ಮುದುಕನಾಗಿದ್ದಾನೆ, ಕೋರ್ಟಿನ ಗೇಟಿನ ಹತ್ತಿರ ಕಡಲೆಕಾಯಿ ಮಾರುತ್ತಾನೆ. ನನ್ನನ್ನು ತಡೆದು ನಿಲ್ಲಿಸಿ, "ನಮ್ ಲಾಯರಮ್ಮ ಓಗ್ಬಿಟ್ರು ಮೇಡಂ" ಅಂದ. ಕಣ್ಣೊರೆಸಿಕೊಂಡು ಮತ್ತೆ ಹೇಳಿದ: "ಎಷ್ಟೋ ಸಲ ಬಿಡಿಸ್ಕೊಂಡ್ ಬಂದವ್ರೆ ನನ್ನ. ಒಂದೇ ಒಂದ್ ಸಲ ಜೈಲಿಗೋಗಿದ್ದು. ಅದೊಂದ್ ಮಾತ್ರ ನಾನು ಮಾಡಿರ್ಲಿಲ್ಲ." ಅಷ್ಟು ಸಂಕಟದಲ್ಲೂ ಇಬ್ಬರೂ ನಕ್ಕುಬಿಟ್ಟೆವು. ಅವರಿದ್ದಿದ್ದರೆ ನಮ್ಮಿಬ್ಬರಿಗಿಂತ ಜೋರಾಗಿ ನಗುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೂ ಪೀಣ್ಯದಲ್ಲಿ ಗುರುತು ಹಿಡಿಯುವವರು ಕಡಿಮೆ. ಅಲ್ಲಿನ ಶೆಡ್ಡುಗಳಲ್ಲಿ ಕೆಲಸ ಮಾಡುವವರಿಗೆ, ಟೀ ಅಂಗಡಿಯವರಿಗೆ, ಪೊಲೀಸರಿಗೆ, ಕೊನೆಗೆ ಕೆಲವು ನ್ಯಾಯಾಧೀಶರಿಗೂ ಅವರು ಬರೀ ಲಾಯರಮ್ಮ. ಮಾಕಳಿಯ ಕಡೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರ ಮಗಳು. ಹುಟ್ಟಿದಾಗಿನಿಂದ ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸವಾದ ಗಂಟಲು. ಗುಟ್ಟು ಹೇಳಿದರೆ ಪಕ್ಕದ ಕೋರ್ಟ್ ಹಾಲಿಗೂ ಕೇಳಿಸುತ್ತಿತ್ತು. "ಅಮ್ಮಾ, ನಾನು ಇಲ್ಲೇ ಕೂತಿದ್ದೇನೆ" ಎಂದು ಒಬ್ಬ ವಯಸ್ಸಾದ ನ್ಯಾಯಾಧೀಶರು ಮೆತ್ತಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಕ್ಷಮಿಸಿ ಮಹಾಸ್ವಾಮಿ" ಎಂದು ಇವರು ಕೊಟ್ಟ ಉತ್ತರ ಅದಕ್ಕಿಂತ ಜೋರಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅವರ ಕೈಕೆಳಗೆ ಜೂನಿಯರ್ ಆಗಿ ಸೇರಿದೆ. ಪೀಣ್ಯ ಆಗ ಅರ್ಧ ಕಾರ್ಖಾನೆ, ಅರ್ಧ ರಾಗಿ ಹೊಲ. ಶೆಡ್ಡಿನ ಹಿಂದುಗಡೆ ದನ ಮೇಯುತ್ತಿದ್ದವು. ರಸ್ತೆಯ ತುಂಬ ಲೇತ್ ಮೆಷಿನ್ನಿನಿಂದ ಬಂದ ಕಬ್ಬಿಣದ ಸುರುಳಿ ಚೂರುಗಳು ಬಿದ್ದಿರುತ್ತಿದ್ದರಿಂದ ಚಪ್ಪಲಿ ಗಟ್ಟಿಯಾಗಿರಬೇಕಿತ್ತು. ಲಾಯರಮ್ಮನ ಆಫೀಸು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿತ್ತು. ಕೆಳಗೆ ನಟ್ಟು ಬೋಲ್ಟು ತೂಗುವ ಸದ್ದು, ಮೇಲೆ ಇವರ ಗಂಟಲು. ಕರಿ ಕೋಟನ್ನು ಮಡಿಚಿ ಮೊಪೆಡ್ಡಿನ ಬುಟ್ಟಿಗೆ ತುರುಕಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಹೊರಟರೆ ತುಮಕೂರು ರಸ್ತೆಯ ಲಾರಿಯವರೂ ಪಕ್ಕಕ್ಕೆ ಸರಿಯುತ್ತಿದ್ದರು.

ನಾನು ರಾಜಾಜಿನಗರದ ಮೇಷ್ಟರ ಮನೆಯ ಹುಡುಗಿ. ತಪ್ಪು ಮಾಡಿದರೆ ಒಪ್ಪಿಕೋ ಎನ್ನುವುದು ನಮ್ಮ ಮನೆಯ ಮೊದಲ ಪಾಠ. ಹೀಗಾಗಿ ಸೇರಿದ ವಾರದಲ್ಲೇ ಅವರನ್ನು ಕೇಳಿದೆ: "ಮೇಡಂ, ಸಾಕ್ಷಿ ಇಷ್ಟು ಗಟ್ಟಿಯಾಗಿ ಕಾಣುವಾಗಲೂ ಎಲ್ಲರ ಕೈಲೂ ತಪ್ಪಿಲ್ಲ ಅಂತ ಯಾಕೆ ಹೇಳಿಸ್ತೀರಿ?"

ಅವರು ತಿನ್ನುತ್ತಿದ್ದ ನಿಪ್ಪಟ್ಟನ್ನು ಮುರಿದು ಅರ್ಧ ನನಗೆ ಕೊಟ್ಟರು. "ನಮ್ ಗಿರಣಿಗೆ ಮೂಟೆ ತಂದೋರು ‘ರಾಗಿ’ ಅಂತಾರೆ. ಅಂದ ತಕ್ಷಣ ಸುರಿದುಬಿಡ್ತಿದ್ವಾ? ನಮ್ಮಪ್ಪ ಮೂಟೆ ಬಿಚ್ಚಿ ಕೈಯಾಡಿಸಿ ನೋಡೋರು. ಕಲ್ಲಿರತ್ತೆ, ಮಣ್ಣಿರತ್ತೆ, ಒಂದೊಂದ್ ಸಲ ರಾಗಿನೇ ಇರಲ್ಲ. ಪೊಲೀಸ್ನೋರು ತಂದಿಟ್ಟಿದ್ದು ಮೂಟೆ ಕಣಮ್ಮ. ಒಪ್ಕೊಂಡ್ರೆ ಬಿಚ್ಚದೇನೇ ಬೀಸೋ ಕಲ್ಲಿಗೆ ಸುರಿದಂಗೆ."

ಕೇಳುವುದಕ್ಕೆ ಚೆನ್ನಾಗಿತ್ತು, ಆದರೆ ನನಗೆ ಅರ್ಧ ಸಮಾಧಾನವೂ ಆಗಲಿಲ್ಲ. ಅವರಿಗೆ ಅದು ಗೊತ್ತಾಗಿರಬೇಕು. ಹಿತ್ತಾಳೆ ಚೂರು ಕದ್ದು ಸಿಕ್ಕಿಬಿದ್ದಿದ್ದ ಒಬ್ಬ ಕೆಲಸಗಾರನ ವಿಷಯ ಹೇಳಿದರು. ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಬೇಗ ಹೋಗಬೇಕೆಂದು ಆತ, ವಕೀಲರೇ ಬೇಡ ಅಂದು, ಓದಿ ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದ. ಕದ್ದಿದ್ದು ಒಂದು ಹಿಡಿ. ಓದಿ ಹೇಳಿದ್ದರಲ್ಲಿ ಆ ಶೆಡ್ಡಿನಲ್ಲಿ ವರ್ಷವಿಡೀ ಕಳೆದುಹೋದ ಮಾಲೆಲ್ಲ ಸೇರಿತ್ತು. "ಮಗೂನ ನಡೆಯೋ ವಯಸ್ಸಲ್ಲಿ ನೋಡ್ದ" ಅಂದರು. ಅಷ್ಟು ಹೇಳುವಾಗ ಮಾತ್ರ ಅವರ ದನಿ ತಗ್ಗಿತ್ತು.

ಆದರೂ ನನಗೆ ನಿಜವಾಗಿ ಅರ್ಥವಾದದ್ದು ಕೆಂಪರಾಜುವಿನ ಕೇಸಿನಲ್ಲಿ.

ಕೆಂಪರಾಜು ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಕೆಲಸಕ್ಕಿದ್ದ ಹುಡುಗ. ಪವರ್ ಪ್ರೆಸ್ ಎಂದರೆ ತಗಡಿನ ಮೇಲೆ ಭಾರಿ ಅಚ್ಚು ಬಂದು ಬಿದ್ದು ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ. ಪೆಡಲು ತುಳಿದರೆ ಅಚ್ಚು ಇಳಿಯುತ್ತದೆ. ಅವನು ಅಲ್ಲಿನ ಸೂಪರ್‌ವೈಸರ್‌ನ ತಲೆಗೆ ಸ್ಪ್ಯಾನರಿನಿಂದ ಹೊಡೆದಿದ್ದ. ತಲೆಬುರುಡೆ ಬಿರುಕು ಬಿಟ್ಟಿತ್ತು. ಕಣ್ಣಾರೆ ಕಂಡವರು ಅದೇ ಶೆಡ್ಡಿನ ಮೂವರು ಕೆಲಸಗಾರರು. ಸಾಲದ್ದಕ್ಕೆ ಇವನೇ ರಕ್ತ ಹತ್ತಿದ ಸ್ಪ್ಯಾನರು ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ನಡೆದುಹೋಗಿ, "ನಾನೇ ಒಡ್ದೆ" ಎಂದು ಬೆಂಚಿನ ಮೇಲೆ ಕೂತಿದ್ದ. ಹಾಕಿದ್ದು ಕೊಲೆ ಯತ್ನದ ಕೇಸು. ಶಿಕ್ಷೆಯಾದರೆ ಹತ್ತು ವರ್ಷ ಒಳಗೆ, ಗಾಯವೂ ಆಗಿದ್ದರಿಂದ ಜೀವಾವಧಿಯೂ ಆಗಬಹುದಿತ್ತು.

ಅವನ ತಾಯಿ ಆಫೀಸಿಗೆ ಬಂದರು. ಹೊಲ ಕಾರ್ಖಾನೆಗೆ ಹೋದಮೇಲೆ ಸೊಪ್ಪು ಮಾರಿಕೊಂಡಿದ್ದ ಹೆಂಗಸು. ಬಂದವರು ಮಗನನ್ನು ಬಿಡಿಸಿ ಎಂದು ಕೇಳಲಿಲ್ಲ. "ನನ್ ಮಗ ಒಡ್ದಿರೋದು ದಿಟ ಕಣವ್ವ. ನೀವು ಓದ್ದೋರು, ಏನೇನೋ ಏಳ್ಕೊಟ್ಟು ಅವನ ಬಾಯಲ್ಲಿ ಸುಳ್ಳಾಡಿಸ್ಬೇಡಿ. ಅವ್ನು ಇದುವರ್ಗೂ ಸುಳ್ಳಾಡಿಲ್ಲ" ಅಂದರು.

ಆ ಕ್ಷಣ ನನಗೆ ನಮ್ಮಪ್ಪನೇ ಎದುರು ಕೂತಹಾಗಿತ್ತು. ಲಾಯರಮ್ಮ ಆ ಹೆಂಗಸಿನ ಮುಖವನ್ನೇ ನೋಡುತ್ತ, "ಆಯ್ತಕ್ಕ. ಸುಳ್ಳಾಡಿಸಲ್ಲ. ಮಾತು ಕೊಟ್ಟೆ" ಅಂದರು.

ಮರುದಿನ ಇಬ್ಬರೂ ಜೈಲಿಗೆ ಹೋದೆವು. ಹುಡುಗ ಸಣ್ಣಗಿದ್ದ, ತಲೆ ಎತ್ತಿ ಮಾತಾಡುತ್ತಿರಲಿಲ್ಲ.

"ಒಪ್ಕೊಂಬಿಡ್ತೀನಕ್ಕ. ನಾನೇ ಒಡ್ದಿದ್ದಲ್ವಾ."

"ಒಪ್ಕೊಳ್ಳೋವಂತೆ. ಮೊದ್ಲು ಅವತ್ತು ಏನಾಯ್ತು ಹೇಳು. ಬೆಳಿಗ್ಗೆ ಎದ್ದಾಗಿಂದ ಹೇಳು. ತಿಂಡಿ ಏನ್ ತಿಂದೆ, ಅದನ್ನೂ ಹೇಳು."

ಅವನು ಶುರುಮಾಡಿದ. ಮುದ್ದೆ ತಿಂದದ್ದು, ಬಸ್ಸು ತಪ್ಪಿದ್ದು, ನಡೆದುಕೊಂಡು ಹೋದದ್ದು. ನನಗೆ ಆಕಳಿಕೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಅವನು, "ಆಮ್ಯಾಕೆ ರತ್ನ ಕೂಗ್ಕೊಂಡ್ಳಲ್ಲ, ಆಗ ಓಡಿದ್ದು ನಾನು" ಅಂದ.

"ಯಾವ ರತ್ನ?"

"ಪಕ್ಕದ್ ಪ್ರೆಸ್ಸು ಅವ್ಳದು."

"ಯಾಕೆ ಕೂಗ್ಕೊಂಡ್ಳು?"

"ಕೈ ಸಿಗಾಕೊಂಡಿತ್ತಲ್ಲಕ್ಕ, ಅಚ್ಚಿನ ಕೆಳ್ಗೆ."

ನಾನು ಕಾಗದಗಳ ಮೇಲೆ ಬಗ್ಗಿದೆ. ಪೊಲೀಸರು ಕೊಟ್ಟಿದ್ದ ಅಷ್ಟೂ ಹಾಳೆಗಳಲ್ಲಿ ರತ್ನ ಎಂಬ ಹೆಸರೇ ಇರಲಿಲ್ಲ. ಕೈ ಸಿಕ್ಕಿಕೊಂಡ ಮಾತೂ ಇರಲಿಲ್ಲ. ಲಾಯರಮ್ಮ ನನ್ನ ಕಡೆ ನೋಡಲಿಲ್ಲ, ಆದರೆ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದು ಅದುಮಿತು. ಆ ಬಿಗಿ ಈಗಲೂ ನೆನಪಿದೆ.

ಹುಡುಗ ಹೇಳಿದ್ದು ಇಷ್ಟು. ರತ್ನಳ ಎಡಗೈ ಅಚ್ಚಿನ ಕೆಳಗೆ ಸಿಕ್ಕಿತ್ತು. ಮೋಟಾರು ಓಡುತ್ತಲೇ ಇತ್ತು. ಸೂಪರ್‌ವೈಸರ್ ಗಾಬರಿಯಲ್ಲಿ, ಇನ್ನೊಂದು ಸಲ ತುಳಿದರೆ ಅಚ್ಚು ಮೇಲೆದ್ದುಬಿಡುತ್ತದೆ ಎಂದು ಕೂಗುತ್ತ ಪೆಡಲಿಗೆ ಕಾಲು ತಂದ. ತುಳಿದಿದ್ದರೆ ಅಚ್ಚು ಪೂರ್ತಿ ಇಳಿದು ಮಣಿಕಟ್ಟಿನವರೆಗೂ ಹೋಗುತ್ತಿತ್ತು. ಕೆಂಪರಾಜು ಕೂಗಿದ, ಅವನಿಗೆ ಕೇಳಿಸಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರಿನಿಂದ ಭುಜಕ್ಕೆ ಹೊಡೆದು ಬೀಳಿಸಿ, ಸ್ವಿಚ್ಚು ಆರಿಸಿ, ಪ್ರೆಸ್ಸಿನ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಅವಳ ಕೈ ಬಿಡಿಸಿದ.

"ತಲೆಗೆ ಯಾವಾಗ ಹೊಡ್ದೆ?"

"ಅದು ಆಮೇಲೆ. ಅವ್ರು ಎದ್ದು ನಮ್ಮವ್ವನ್ ಎತ್ತಿ ಬೈದ್ರು. ರತ್ನನ ಬೆರಳು ನೆಲದ್ಮ್ಯಾಗಿದ್ವು. ಕಣ್ಣು ಕತ್ಲಿಟ್ಟಂಗಾಯ್ತು, ಒಡ್ದೆ."

"ಸಾಯಿಸ್ಬೇಕು ಅಂತ ಹೊಡ್ದ್ಯಾ?"

"ಅಯ್ಯೋ ಇಲ್ಲಕ್ಕ."

"ಇದನ್ನೆಲ್ಲ ಸ್ಟೇಷನ್ನಲ್ಲಿ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಒಡ್ದ್ಯಾ ಅಂದ್ರು, ಊಂ ಅಂದೆ."

ಲಾಯರಮ್ಮ ಮುಂದಕ್ಕೆ ಬಾಗಿದರು. "ನೋಡಪ್ಪ. ಕೋರ್ಟಲ್ಲಿ ನಿನ್ನ ಕೇಳೋದು ‘ಹೊಡ್ದ್ಯಾ’ ಅಂತಲ್ಲ. ‘ಕೊಲ್ಬೇಕು ಅಂತ ಹೊಡೆದೆ ಅನ್ನೋ ಈ ಆರೋಪ ಒಪ್ಕೋತೀಯಾ, ಇಲ್ಲಾ ವಿಚಾರಣೆ ಬೇಕಾ’ ಅಂತ. ಹೂಂ ಅಂದ್ರೆ ನೀನು ಸುಳ್ಳು ಹೇಳ್ದಂಗೆ. ಇಲ್ಲ ಅನ್ನೋದು ತಪ್ಪಿಸ್ಕೊಳ್ಳೋ ಮಾತಲ್ಲ, ವಿಚಾರಿಸಿ ನೋಡಿ ಅಂತ ಕೇಳೋ ಮಾತು. ನಿಮ್ಮಮ್ಮನಿಗೆ ನಾನು ಮಾತು ಕೊಟ್ಟಿದೀನಿ."

ಕಾನೂನಿನ ಪುಸ್ತಕದಲ್ಲಿದ್ದ ಆ ಪ್ರಶ್ನೆಯನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಗೊತ್ತಾದದ್ದು ಆ ಜೈಲಿನ ಬೆಂಚಿನ ಮೇಲೆ. ಆರೋಪ ಓದಿ ಹೇಳಿದ ದಿನ ಕೆಂಪರಾಜು ಕಟಕಟೆಯಲ್ಲಿ ಕೈಮುಗಿದು, "ಇಲ್ಲ ಸ್ವಾಮಿ. ವಿಚಾರ್ಸಿ ನೋಡಿ" ಅಂದ. ಹಿಂದೆ ಕೂತಿದ್ದ ತಾಯಿ ತಲೆಯಾಡಿಸಿದರು.

ರತ್ನಳನ್ನು ಹುಡುಕುವುದು ಉಳಿದಿತ್ತು. ನಾನೂ ಲಾಯರಮ್ಮನೂ ಒಂದೇ ಮೊಪೆಡ್ಡಿನಲ್ಲಿ ಪೀಣ್ಯದ ಗಲ್ಲಿಗಲ್ಲಿ ಸುತ್ತಿದೆವು. ಏರು ಬಂದಲ್ಲಿ ನಾನು ಇಳಿದು ತಳ್ಳಬೇಕು. ಶೆಡ್ಡಿನವರು ಅಂಥ ಹುಡುಗಿಯೇ ಇರಲಿಲ್ಲ ಅಂದರು. ಕೂಲಿಯವರ ಸಾಲುಮನೆಗಳಲ್ಲಿ ಬಾಗಿಲು ಹಾಕಿಕೊಂಡರು. ಕೊನೆಗೆ ನೀರಿನ ಕೊಳಾಯಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಒಬ್ಬ ಅಜ್ಜಿ, ಯಾರನ್ನೂ ನೋಡದೆ, "ಮಾಕಳಿಲಿ ಅವಳ ಸೋದ್ರತ್ತೆ ಮನೆ" ಅಂದಿತು. ಲಾಯರಮ್ಮ ಮೊಪೆಡ್ಡನ್ನು ತಿರುಗಿಸಿದ ವೇಗಕ್ಕೆ ನಾನು ಬೀಳುವುದರಲ್ಲಿದ್ದೆ. "ನಮ್ಮೂರಿಗೇ ಬಂದವಳೆ ಕಣೆ, ನಮ್ಮೂರಿಗೇ" ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದರು.

ರತ್ನ ಹಜಾರದ ಮೂಲೆಯಲ್ಲಿ ಕೂತಿದ್ದಳು. ಎಡಗೈ ಸೆರಗಿನೊಳಗಿತ್ತು. ಅಪಘಾತವಾದ ದಿನವೇ ಶೆಡ್ಡಿನ ಯಜಮಾನರ ಕಡೆಯವರು ಅವಳನ್ನು ಯಾವುದೋ ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿ, ಗಾಯ ಮಾಯ್ದ ಮೇಲೆ ಇಲ್ಲಿಗೆ ತಂದು ಬಿಟ್ಟು, ಬಾಯಿ ಬಿಟ್ಟರೆ ನಿನ್ನನ್ನೂ ಕೇಸಿಗೆ ಸೇರಿಸುತ್ತಾರೆ ಎಂದು ಹೇಳಿ ಹೋಗಿದ್ದರು. ಕೆಂಪರಾಜು ಜೈಲಿನಲ್ಲಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಅವಳ ಮುಖ ಬದಲಾಯಿತು.

"ಬತ್ತೀನಕ್ಕ. ಎಲ್ಲಾ ಏಳ್ತೀನಿ. ಆದ್ರೆ ಒಂದ್ ಮಾತು. ಅಲ್ಲಿ ಕೈ ತೋರ್ಸು ಅನ್ಬ್ಯಾಡಿ. ಎಲ್ಲಾರೂ ಕೈನೇ ನೋಡ್ತಾರೆ, ನನ್ ಮಕ ಯಾರೂ ನೋಡಲ್ಲ."

"ಆಗ್ಲಮ್ಮ. ನಾನಾಗಿ ಕೇಳಲ್ಲ" ಅಂದುಬಿಟ್ಟರು ಲಾಯರಮ್ಮ.

ಹೊರಗೆ ಬಂದು ನಾನು ಜಗಳವಾಡಿದೆ. ನರ್ಸಿಂಗ್ ಹೋಮಿನವರು ಅವಳಿಗೆ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ಅವಳ ಕೈ ಬಿಟ್ಟರೆ ನಮ್ಮ ಹತ್ತಿರ ಬೇರೆ ಸಾಕ್ಷ್ಯವೇ ಇಲ್ಲವಲ್ಲ ಅಂದೆ. ಅವರು ಮೊಪೆಡ್ಡಿಗೆ ಕಿಕ್ ಹೊಡೆಯುತ್ತ, "ಕೈ ಅವಳ್ದು ಕಣೆ, ನಮ್ದಲ್ಲ" ಅಂದರು.

ವಿಚಾರಣೆ ಶುರುವಾಯಿತು. ಗಾಯಗೊಂಡ ಸೂಪರ್‌ವೈಸರ್ ಬಂದು, ಕೆಲಸ ಸರಿಯಾಗಿ ಮಾಡು ಅಂದದ್ದಕ್ಕೆ ಹೊಡೆದ, ಬೇರೇನೂ ನಡೆಯಲಿಲ್ಲ ಅಂದ. ಆಮೇಲೆ ಶೆಡ್ಡಿನ ಮೊದಲ ಕೆಲಸಗಾರ ಗಿಳಿಪಾಠ ಒಪ್ಪಿಸಿದ. ಲಾಯರಮ್ಮ ಎದ್ದರು.

"ತಲೆಗೆ ಏಟು ಬಿದ್ದಾಗ ರತ್ನನ ಪ್ರೆಸ್ ಓಡ್ತಿತ್ತಾ?"

"ಇಲ್ಲ, ನಿಂತಿತ್ತು."

"ಊಟದ ಹೊತ್ತಾ?"

"ಅಲ್ಲ."

"ಕರೆಂಟ್ ಹೋಗಿತ್ತಾ?"

"ಇಲ್ಲ."

"ಮತ್ತೆ ನಡು ಕೆಲಸದಲ್ಲಿ ಪ್ರೆಸ್ ನಿಲ್ಲಿಸಿದೋರು ಯಾರು?"

ಅವನು ಬಾಗಿಲ ಹತ್ತಿರ ನಿಂತಿದ್ದ ಸೂಪರ್‌ವೈಸರ್‌ನ ಕಡೆ ನೋಡಿದ. ನ್ಯಾಯಾಧೀಶರು ಪೆನ್ನು ಎತ್ತಿ ಹಿಡಿದು, "ಉತ್ತರ ಹೇಳಪ್ಪ" ಅಂದರು.

"ಕೆಂಪ" ಅಂದ ಅವನು.

"ಯಾಕೆ ನಿಲ್ಲಿಸಿದ?"

"ಗೊತ್ತಿಲ್ಲ" ಅಂದ. ಆದರೆ ಅವನ ಹಣೆಯ ಬೆವರನ್ನು ಹಾಲಿನಲ್ಲಿದ್ದವರೆಲ್ಲ ನೋಡಿದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಟೆಯ ಬಾಯಿ ಬಿಚ್ಚಿಕೊಂಡಿತ್ತು.

ಸಾಕ್ಷಿಗಳು ಮುಗಿದಮೇಲೆ ನ್ಯಾಯಾಧೀಶರು ಆರೋಪಿಯನ್ನು ಕೇಳುವ ಘಟ್ಟ. ಅಲ್ಲಿ ಅವನು ಸುಮ್ಮನಿರಬಹುದು, ಯಾರೂ ಒತ್ತಾಯ ಮಾಡುವಂತಿಲ್ಲ. ಲಾಯರಮ್ಮ ಅದನ್ನು ಅವನಿಗೆ ತಿಳಿಸಿ ಹೇಳಿದ್ದರು. ಕೆಂಪರಾಜು ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ಯಾರೂ ಕೇಳದಿದ್ದರೂ, "ಬುಜಕ್ಕೆ ಒಡ್ದಿದ್ದು ತಪ್ಪಲ್ಲ ಸ್ವಾಮಿ, ಇನ್ನೊಂದ್ ಸಲನೂ ಒಡೀತೀನಿ. ತಲೆಗೆ ಒಡ್ದಿದ್ದು ಸಿಟ್ಗೆ. ಅದು ತಪ್ಪು" ಅಂದ. ಸರ್ಕಾರಿ ವಕೀಲರು ಹಿಗ್ಗಿ ಬರೆದುಕೊಂಡರು. ಲಾಯರಮ್ಮನನ್ನು ನೋಡಿದರೆ ಅವರು ಹಬ್ಬದ ಮನೆಯವರ ಹಾಗೆ ಕೂತಿದ್ದರು.

ನಮ್ಮ ಕಡೆಯ ಸಾಕ್ಷಿ ಒಬ್ಬಳೇ. ರತ್ನ ಬಂದಳು, ಸೆರಗನ್ನು ಎಡಗೈಗೆ ಸುತ್ತಿಕೊಂಡೇ ನಿಂತಳು. ಅಚ್ಚು ಬಿದ್ದದ್ದು, ಕೂಗಿದ್ದು, ಕೆಂಪ ಓಡಿಬಂದದ್ದು, ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿದಳು. ಕೈ ಅಚ್ಚಿನ ಕೆಳಗೆ ಹೋಗದಂತೆ ತಡೆಯುವ ಗಾರ್ಡು ಪ್ರೆಸ್ಸಿಗೆ ಇರಲಿಲ್ಲವಾ ಎಂದು ಕೇಳಿದಾಗ, "ಇತ್ತು, ಕೆಲ್ಸ ನಿಧಾನ ಆಯ್ತದೆ ಅಂತ ತೆಗ್ಸಾಕಿದ್ರು" ಅಂದಳು. ಲಾಯರಮ್ಮ ಕೂತರು. ಕೈ ತೋರಿಸು ಅನ್ನಲಿಲ್ಲ.

ಸರ್ಕಾರಿ ವಕೀಲರು ಎದ್ದರು. ಆಸ್ಪತ್ರೆಯ ಚೀಟಿ ಇದೆಯಾ? ಇಲ್ಲ. ಪೊಲೀಸರಿಗೆ ಹೇಳಿದೆಯಾ? ಇಲ್ಲ. ಹಾಗಾದರೆ ಅಪಘಾತವೇ ಆಗಿಲ್ಲ, ಆರೋಪಿಗೂ ನಿನಗೂ ಸಲುಗೆ ಇತ್ತು, ಅವನನ್ನು ಉಳಿಸಲು ಹೇಳಿಕೊಟ್ಟದ್ದನ್ನು ಹೇಳುತ್ತಿದ್ದೀಯ, ಅಲ್ಲವಾ? ರತ್ನ ತಲೆತಗ್ಗಿಸಿ, "ಅಂಗಲ್ಲ" ಅಂದಳು, ಅಷ್ಟೇ. ನಾನು ಲಾಯರಮ್ಮನ ಗೌನು ಹಿಡಿದು ಎಳೆದೆ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು, ಏಳಲಿಲ್ಲ. ಮುಗಿಯಿತು ಅಂದುಕೊಂಡೆ.

ಸಾಕ್ಷಿ ಹೇಳಿದ್ದನ್ನು ಓದಿ ಹೇಳಿ ಸಹಿ ಹಾಕಿಸಿಕೊಳ್ಳುವುದು ಕೋರ್ಟಿನ ಪದ್ಧತಿ. ಗುಮಾಸ್ತರು ಹಾಳೆ ತಂದಿಟ್ಟರು. "ರುಜು ಮಾಡ್ತೀಯೇನಮ್ಮ?" ಬರೆಯಲು ಬರುವುದಿಲ್ಲ ಎಂದಳು. ಅವರು ಶಾಯಿಯ ಪೆಟ್ಟಿಗೆ ತೆರೆದು ಮುಂದಿಟ್ಟು, ದಿನವೂ ಹೇಳುವ ದನಿಯಲ್ಲೇ ಹೇಳಿದರು: "ಎಡಗೈ ಹೆಬ್ಬೆಟ್ಟು ಒತ್ತು."

ರತ್ನ ಅಲ್ಲಾಡದೆ ನಿಂತಳು. ಗುಮಾಸ್ತರು ತಲೆ ಎತ್ತದೆ, "ಎಡಗೈ ಕಣಮ್ಮ, ಕೊಡು" ಅಂದರು.

ಅವಳು ಲಾಯರಮ್ಮನ ಕಡೆ ನೋಡಿದಳು. ಲಾಯರಮ್ಮ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ರತ್ನ ನಿಧಾನವಾಗಿ ಸೆರಗು ಬಿಡಿಸಿ, ಎಡಗೈಯನ್ನು ಆ ಹಾಳೆಯ ಮೇಲಿಟ್ಟಳು. ಕಿರುಬೆರಳೊಂದು ಉಳಿದಿತ್ತು. ಹೆಬ್ಬೆಟ್ಟು ಇರಬೇಕಾದ ಕಡೆ ಏನೂ ಇರಲಿಲ್ಲ.

"ಇದ್ರಲ್ಲಿ ಎಲ್ಲಿಂದ ಒತ್ಲಿ ಸ್ವಾಮಿ?" ಎಂದು ಕೇಳಿದಳು.

ನ್ಯಾಯಾಧೀಶರು ಕನ್ನಡಕ ತೆಗೆದರು. ಗುಮಾಸ್ತರು ಶಾಯಿಯ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ನ್ಯಾಯಾಧೀಶರು ಆ ಕೈಯನ್ನಲ್ಲ, ರತ್ನಳ ಮುಖವನ್ನೇ ನೋಡುತ್ತ, "ಬಲಗೈ ಹೆಬ್ಬೆಟ್ಟು ಸಾಕು ತಾಯಿ" ಅಂದರು.

ತೀರ್ಪು ಬಂತು. ಕೊಲೆ ಯತ್ನದ ಆರೋಪ ಬಿದ್ದುಹೋಯಿತು. ಭುಜದ ಏಟು ಒಬ್ಬಳ ಕೈ ಉಳಿಸಲು ಹೊಡೆದದ್ದು, ಅದು ಅಪರಾಧವಲ್ಲ. ತಲೆಯ ಏಟು ಕೆರಳಿದ ಸಿಟ್ಟಿನಲ್ಲಿ ಹೊಡೆದದ್ದು, ಅದು ಅಪರಾಧ, ಅದಕ್ಕೆ ಈಗಾಗಲೇ ಜೈಲಿನಲ್ಲಿ ಕಳೆದ ಕಾಲವೇ ಶಿಕ್ಷೆ. ಹುಡುಗ ಹೇಳಿದ್ದೇ ತೀರ್ಪಾಗಿತ್ತು. ಅವನ ತಾಯಿ ಹೊರಗೆ ಬಂದು ಲಾಯರಮ್ಮನ ಕೈ ಹಿಡಿದುಕೊಂಡು, "ಮಾತು ಉಳಿಸ್ಕೊಂಡ್ರಿ ಕಣವ್ವ" ಅಂದರು. ಕೋರ್ಟಿನ ಮೆಟ್ಟಿಲ ಮೇಲೆ ನಾನು ಸಂತೋಷ ತಡೆಯಲಾರದೆ ಅತ್ತೆ. ಲಾಯರಮ್ಮ ಇಡೀ ಬುಟ್ಟಿ ಸೀಬೆಹಣ್ಣು ಕೊಂಡು ಬಂದವರಿಗೆಲ್ಲ ಹಂಚಿದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮಾರನೆಯ ವರ್ಷ ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತಿ ಬಂದವನು ಆ ಸೂಪರ್‌ವೈಸರ್. ತಲೆಯ ಮೇಲೆ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ತೀರ್ಪಿನಲ್ಲಿ ನ್ಯಾಯಾಧೀಶರು ಬರೆದ ಮಾತಿನಿಂದಾಗಿ ರತ್ನಳ ಬೆರಳುಗಳು ಹೋದದ್ದಕ್ಕೆ ಬೇರೆ ಕೇಸು ಹಾಕಿದ್ದರು. ಆರೋಪಿ ಇವನೊಬ್ಬನೇ.

"ಒಪ್ಕೊಂಬಿಡ್ತೀನಿ ಲಾಯರಮ್ಮ. ಪೆಡಲಿಗೆ ಕಾಲು ತಂದಿದ್ದು ನಾನೇ. ಅವತ್ತು ಕೋರ್ಟಲ್ಲಿ ಸುಳ್ಳು ಹೇಳಿದ್ದೂ ನಾನೇ. ನಿದ್ದೆ ಬರಲ್ಲ ನಂಗೆ" ಅಂದ.

"ಗಾರ್ಡು ತೆಗ್ಸಿದ್ದು?"

"ಯಜಮಾನ್ರು. ಆರ್ಡರು ಜಾಸ್ತಿ ಇತ್ತು, ಬೇಡ ಅಂದ್ರೂ ಕೇಳ್ಲಿಲ್ಲ."

ಲಾಯರಮ್ಮ ಅವನನ್ನು ಕೂರಿಸಿ, ನನ್ನನ್ನು ಕರೆದುಕೊಂಡು ನೇರ ಮಾಕಳಿಗೆ ಹೊರಟರು. ರತ್ನಳನ್ನು ಕೇಳದೆ ಅವನ ಕೇಸು ಮುಟ್ಟುವುದಿಲ್ಲ ಎಂದು ಅವರ ಹಟ. ರತ್ನ ಯೋಚಿಸಿ ಹೇಳಿದಳು: "ಅವ್ರು ಗಾಬ್ರಿ ಬಿದ್ದಿದ್ರು ಅಕ್ಕ, ನಾನೇ ನೋಡಿದೀನಿ. ಅವ್ರನ್ನ ಕೋರ್ಟಲ್ಲಿ ನಿಲ್ಸಿ ಯಜಮಾನ್ರು ಮನೇಲವ್ರೆ. ಅವ್ರ್ ಕೇಸು ತಗೊಳ್ಳಿ."

ಆರೋಪ ಓದಿ ಹೇಳಿದ ದಿನ ಕಟಕಟೆಯಲ್ಲಿ ಸೂಪರ್‌ವೈಸರ್ "ಇಲ್ಲ ಸ್ವಾಮಿ, ವಿಚಾರಣೆ ಆಗ್ಲಿ" ಅಂದ. ಒಪ್ಪಿಕೊಂಡಿದ್ದರೆ ಯಜಮಾನರ ಹೆಸರೇ ಬರದೆ ಅವತ್ತೇ ಕೇಸು ಮುಚ್ಚಿಹೋಗುತ್ತಿತ್ತು. ವಿಚಾರಣೆ ನಡೆಯಿತು, ರತ್ನ ಸಾಕ್ಷಿ ಹೇಳಿದಳು, ಗಾರ್ಡಿನ ವಿಷಯ ಒಬ್ಬೊಬ್ಬರ ಬಾಯಿಂದಲೂ ಹೊರಬಂತು. ನ್ಯಾಯಾಧೀಶರು ಯಜಮಾನರನ್ನೂ ಆರೋಪಿಯಾಗಿ ಸೇರಿಸಿ ಸಮನ್ಸ್ ಕಳಿಸಿದರು.

ಯಜಮಾನರು ಬಂದರು. ಬಿಳಿ ಸಫಾರಿ ಸೂಟು, ಜೊತೆಗೆ ಊರಿನ ದೊಡ್ಡ ವಕೀಲರು. ಗಾರ್ಡು ತೆಗೆಸಿ ಕೆಲಸಗಾರ್ತಿಯ ಕೈಗೆ ಹಾನಿ ಮಾಡಿದ ಆರೋಪ ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು.

"ಇಲ್ಲ" ಅಂದರು ಯಜಮಾನರು.

ನನಗೆ ಮೈಯೆಲ್ಲ ಉರಿದುಹೋಯಿತು. "ನೋಡಿ ಮೇಡಂ, ಇಷ್ಟು ಜನ ಹೇಳಿದಮೇಲೂ ಇಲ್ಲ ಅಂತಾರಲ್ಲ" ಎಂದು ಹಲ್ಲು ಕಚ್ಚಿದೆ.

ಲಾಯರಮ್ಮ ಆಗಲೇ ಕಾಗದಗಳನ್ನು ಮುಂದಕ್ಕೆ ಎಳೆದುಕೊಂಡಿದ್ದರು. ಕಣ್ಣು ಮಿನುಗುತ್ತಿತ್ತು. ಗುಟ್ಟಾಗಿ ಹೇಳಿದರು, ಹಾಲಿಗೆಲ್ಲ ಕೇಳಿಸಿತು: "ಅನ್ಲಿ ಬಿಡೆ. ಅವ್ರಿಗೂ ಆ ಹಕ್ಕಿದೆ. ಈಗ ನಾವು ಕೇಳೋಣ."